ಮಿಲಿಸೆಕೆಂಡ್ ಪಲ್ಸಾರ್: ಜೋಡಿಯ ತೂಕ ಲೆಕ್ಕ ಹಾಕುವಾಗ

ಮಿಲಿಸೆಕೆಂಡ್ ಪಲ್ಸಾರ್ ಎಂದರೆ ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತಾ, ಸುತ್ತಿಗೊಂದು ರೇಡಿಯೋ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಅತಿ ಸಾಂದ್ರ ತಿರುಳು). ಇವು ಮೊದಲು ಮುದಿಯಾಗಿ ನಿಧಾನಗೊಂಡಿದ್ದವು. ಆಮೇಲೆ ಜೊತೆಗಾರ ನಕ್ಷತ್ರ ಉಬ್ಬಿ, ಅದರ ಅನಿಲ ಇವುಗಳ ಕಡೆಗೆ ಹರಿಯಿತು. ಶಿವಮೊಗ್ಗದ ಕಡೆಯವರು ಜೋಗದ ವಿದ್ಯುದಾಗಾರದ ಪೆಲ್ಟನ್ ಚಕ್ರ ನೆನಪಿಸಿಕೊಳ್ಳಿ. ನೀರು ಅಂಚಿನ ಬಟ್ಟಲಿಗೆ ಬಡಿಯುವುದರಿಂದಲೇ ಚಕ್ರ ತಿರುಗುತ್ತದೆ. ಇಲ್ಲೂ ಅನಿಲ ತಟ್ಟೆಯಾಗಿ ಸುತ್ತುತ್ತಾ ಬಂದು ಕೋನೀಯ ಸಂವೇಗ (ತಿರುಗುವ ರಭಸ) ಕೊಡುತ್ತದೆ. ಬಟ್ಟಲು ನೀರಿನಷ್ಟೇ ವೇಗವಾಗಿ ಓಡಿದರೆ ನೀರಿಗೆ ತಳ್ಳಲು ಏನೂ ಉಳಿಯುವುದಿಲ್ಲ. ಪಲ್ಸಾರಿನ ವೇಗಕ್ಕೂ ಇಂಥದೇ ಮಿತಿಯಿದೆ. ಕಾಂತಕ್ಷೇತ್ರ ದುರ್ಬಲವಾದಷ್ಟೂ ತಟ್ಟೆ ಹತ್ತಿರ ಬರುತ್ತದೆ, ಮಿತಿ ಮೇಲೇರುತ್ತದೆ. ಸಾಮಾನ್ಯ ಪಲ್ಸಾರಿನ ಕ್ಷೇತ್ರ ಸುಮಾರು 10¹² ಗಾಸ್ ಇದ್ದರೆ ಇವುಗಳದ್ದು 10⁸ರ ಆಸುಪಾಸು. 1982ರಲ್ಲಿ 1.56 ಮಿಲಿಸೆಕೆಂಡಿನ ಮೊದಲ ಪಲ್ಸಾರ್ ಸಿಕ್ಕ ವರ್ಷವೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಧಾಕೃಷ್ಣನ್ ಮತ್ತು ಶ್ರೀನಿವಾಸನ್ ಈ ವಿವರಣೆ ಮುಂದಿಟ್ಟರು.

ಇನ್ನು ಲೆಕ್ಕಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ಪಿಎಸ್‌ಆರ್ ಜೆ1614-2230 ಎಂಬ ಪಲ್ಸಾರ್ ತೆಗೆದುಕೊಳ್ಳಿ; ಅದರ ಜೊತೆಗಾರ ಒಂದು ಶ್ವೇತಕುಬ್ಜ, ಅಂದರೆ ಇಂಧನ ಮುಗಿದ ನಕ್ಷತ್ರದ ಸಣ್ಣ, ಸಾಂದ್ರ ಉಳಿಕೆ. ಮಿಡಿತ 3.15 ಮಿಲಿಸೆಕೆಂಡ್, ಕಕ್ಷಾವಧಿ 8.687 ದಿನ, ನಮ್ಮ ನೋಟದ ದಿಕ್ಕಿನಲ್ಲಿ ಕಕ್ಷೆಯ ತ್ರಿಜ್ಯ 11.29 ಜ್ಯೋತಿರ್ಸೆಕೆಂಡ್ (ಬೆಳಕು ಅಷ್ಟು ಸೆಕೆಂಡಿನಲ್ಲಿ ಸಾಗುವ ದೂರ). ಪಲ್ಸಾರಿನ ವೇಗ ಸೆಕೆಂಡಿಗೆ ಸುಮಾರು 28 ಕಿ.ಮೀ.; ಅದರಿಂದ ಮಿಡಿತದ ಅವಧಿ ಹಿಗ್ಗಿ ಕುಗ್ಗುವುದು ಬರೀ 0.3 ಮೈಕ್ರೋಸೆಕೆಂಡ್. ಭೂಮಿಯೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ. ಆದ್ದರಿಂದ ಕಾಲಗಳನ್ನೆಲ್ಲ ಮೊದಲು ಸೌರಮಂಡಲದ ದ್ರವ್ಯಕೇಂದ್ರಕ್ಕೆ ತಿದ್ದಿಕೊಳ್ಳಿ. ಬಿಟ್ಟರೆ ಒಂದು ವರ್ಷದ ಸುಳ್ಳು ಕಕ್ಷೆ ಎದ್ದು ಕಾಣುತ್ತದೆ.

ಜೋಡಿಯ ದ್ರವ್ಯರಾಶಿಗಳನ್ನು ಕಕ್ಷೆಯ ಅಳತೆಗೆ ಬೆಸೆಯುವ ಸಂಖ್ಯೆಗೆ ಮಾಸ್ ಫಂಕ್ಷನ್ ಎನ್ನುತ್ತಾರೆ. ಲೆಕ್ಕ ಹೀಗೆ: ತ್ರಿಜ್ಯದ ಘನವನ್ನು 4π²ರಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿ, ಮತ್ತೆ 4.925 ಮೈಕ್ರೋಸೆಕೆಂಡಿನಿಂದ ಭಾಗಿಸಿ. (ಸೌರರಾಶಿಯನ್ನು, ಅಂದರೆ ಸೂರ್ಯನ ದ್ರವ್ಯರಾಶಿಯನ್ನು, ಕಾಲದ ಮಾನಕ್ಕೆ ತಂದಾಗ ಬರುವ ಬೆಲೆ ಇದು.) ದಿನವನ್ನು ಸೆಕೆಂಡಿಗೆ ಬದಲಿಸಲು ಮರೆಯಬೇಡಿ: 7,50,500. ಉತ್ತರ 0.0205 ಸೌರರಾಶಿ.

ಇದು ಜೊತೆಗಾರನ ತೂಕವಲ್ಲ. ಜೊತೆಗಾರನ ರಾಶಿಯ ಘನ, ಕಕ್ಷೆಯ ಓರೆಕೋನದ ಸೈನ್‌ನ ಘನ, ಇವೆರಡರ ಗುಣಲಬ್ಧವನ್ನು ಒಟ್ಟು ರಾಶಿಯ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಮೀಕರಣ ಒಂದು, ಗೊತ್ತಿಲ್ಲದ್ದು ಮೂರು. ಪಲ್ಸಾರಿಗೆ ರೂಢಿಯ 1.4 ಸೌರರಾಶಿ, ಕೋನಕ್ಕೆ 90° (ಕಕ್ಷೆ ನಮಗೆ ಅಂಚಿನಿಂದ ಕಾಣುವ ಸ್ಥಿತಿ) ಹಾಕಿದರೆ ಜೊತೆಗಾರ 0.41. ಕೋನ 60° ಅಂದುಕೊಂಡರೆ 0.48. ನಿಜವಾದ ಬೆಲೆ 0.50, ಹಾಗಾಗಿ 60° ಸರಿ ಎಂದು ಯಾರಿಗೂ ಅನಿಸಬಹುದು. ಆದರೆ ಕೋನ 89.2°. ತಪ್ಪಿದ್ದು 1.4ರಲ್ಲಿ!

ಅದು ಬಯಲಾಗಿದ್ದು ಶಪೀರೋ ವಿಳಂಬದಿಂದ. ಪಲ್ಸಾರ್ ಜೊತೆಗಾರನ ಹಿಂದೆ ಹೋದಾಗ ಅದರ ಸಂಕೇತ ಶ್ವೇತಕುಬ್ಜದ ಗುರುತ್ವದಲ್ಲಿ ಹಾದು ಹತ್ತಾರು ಮೈಕ್ರೋಸೆಕೆಂಡ್ ತಡವಾಗುತ್ತದೆ. ಆ ಏರಿಕೆಯ ಎತ್ತರ ಜೊತೆಗಾರನ ರಾಶಿಯನ್ನೂ, ಮೊನಚು ಕೋನವನ್ನೂ ಹೇಳುತ್ತದೆ. ಉಳಿದ ಪಲ್ಸಾರಿನ ರಾಶಿ ಮಾಸ್ ಫಂಕ್ಷನ್ನಿನಿಂದ ತಾನಾಗಿ ಬರುತ್ತದೆ. 2010ರಲ್ಲಿ ಹೀಗೆ ಸಿಕ್ಕಿದ್ದು 1.97 ಸೌರರಾಶಿ. ಅಷ್ಟು ಭಾರ ಹೊರಲಾರದ ನ್ಯೂಟ್ರಾನ್ ದ್ರವ್ಯದ ಮಾದರಿಗಳು ಅಂದೇ ಬಿದ್ದುಹೋದವು. ಅಳತೆಗೆ ಬೇಕಾದ ಮೊನಚು ಕಾಣುವುದು ಕಕ್ಷೆಯ ಆ ಒಂದು ಬದಿಯಲ್ಲಿ ಕೆಲವು ಗಂಟೆ ಮಾತ್ರ. ತಪ್ಪಿದರೆ ಮತ್ತೆ 8.7 ದಿನ ಕಾಯಬೇಕು.