ಕೆರೆ ಬಿಟ್ಟು ಹೊರಡೋದು ಎಷ್ಟು ಗಂಟೆಗೆ?

ಹುಡುಗರ ತಂಡ ಕಟ್ಟಿಕೊಂಡು ಬೆಟ್ಟದ ಮೇಲಿನ ಕೆರೆಗೆ ಗಾಳ ಹಾಕಲು ಹೊರಟವರು ನನ್ನನ್ನು ಕೇಳುವುದೆಲ್ಲ ಗಾಳದ ಬಗ್ಗೆಯೇ. ಯಾವ ಕೋಲು, ಯಾವ ದಾರ, ಹುಳ ಸಾಕಾ. ನಾನು ತಿರುಗಿ ಕೇಳುವುದು ಒಂದೇ, ಕೆರೆಯಿಂದ ಎಷ್ಟು ಗಂಟೆಗೆ ಹೊರಡ್ತೀರಿ? "ನೋಡೋಣ ಸರ್, ಮೀನು ಸಿಗೋದರ ಮೇಲೆ." ಇಲ್ಲೇ ನನ್ನ ತಲೆ ಕೆಡುವುದು.

"ಆರೇ ಕಿಲೋಮೀಟರ್ ಸರ್, ಒಂದೂವರೆ ಗಂಟೆ" ಅಂತಾರೆ. ಏರು ಎಷ್ಟು ಅಂತ ನೋಡಿರುವುದೇ ಇಲ್ಲ. ಸ್ಕಾಟ್‌ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದಾರೆ: ಹೆಚ್ಚುಕಮ್ಮಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರ್, 600 ಮೀಟರ್ ಏರು ಅಂದರೆ 2 ಗಂಟೆ 12 ನಿಮಿಷ. ಅದೂ ನಡೆದು ಪಳಗಿದವರಿಗೆ, ಎಲ್ಲೂ ನಿಲ್ಲದೆ ಹೋದರೆ. ನಿಮ್ಮ ತಂಡದಲ್ಲಿ ಒಬ್ಬನ ಶೂ ಕಚ್ಚುತ್ತದೆ, ಒಬ್ಬನ ಗಾಳ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ, ಮೂವರಿಗೆ ಹಸಿವು. ನಾನಾದರೆ ಅರ್ಧದಷ್ಟು ಸೇರಿಸಿ 3 ಗಂಟೆ 20 ನಿಮಿಷ ಹಿಡಿಯುತ್ತೇನೆ. ಎಲ್ಲರಿಗಿಂತ ನಿಧಾನ ನಡೆಯುವವನನ್ನು ಮುಂದೆ ಬಿಡಿ, ತಂಡದ ವೇಗ ಅವನದೇ.

ಈಗ ಹಿಂದಿನಿಂದ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ಮೇಲೆ ಗುಡುಗಿನ ಮೋಡ ಕಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ದಣಿದ ಕಾಲಿಗೆ ಇಳಿಯಲು ಎರಡೂವರೆ ಗಂಟೆ ಇಟ್ಟುಕೊಳ್ಳಿ. ನಾಲ್ಕಕ್ಕೆ ಕೆಳಗಿರಬೇಕೆಂದರೆ ಒಂದೂವರೆಗೆ ಕೆರೆ ಬಿಡಬೇಕು. ಎಂಟೂವರೆಗೆ ಹೊರಟಿದ್ದರೆ ಮೀನಿಗೆ ಸಿಗುವುದು 1 ಗಂಟೆ 40 ನಿಮಿಷ. "ಅಷ್ಟೇನಾ?" ಹೌದು, ಅಷ್ಟೇ. ಜಾಸ್ತಿ ಬೇಕಾದರೆ ಬೇಗ ಏಳಿ, ಇಲ್ಲವೇ ಹತ್ತಿರದ ಕೆರೆ ನೋಡಿ. ಸಂಜೆಯ ಕಡೆಯಿಂದ ಮಾತ್ರ ಕದಿಯಬೇಡಿ. ಮೋಡ ಬೇಗ ಕಟ್ಟಿದರೆ ಆ ಒಂದೂವರೆಯೂ ತಡವೇ. ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ನೀರಿನಿಂದ ದೂರ ಬನ್ನಿ. ಗ್ರಾಫೈಟ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ.

ಒಂದು ತಂಡದ ಮುಖ್ಯಸ್ಥರು, ತುಂಬಾ ಒಳ್ಳೆಯವರು, ಅದೇ ತೊಂದರೆ. ಹೊರಡುವ ಹೊತ್ತಿಗೆ ಒಬ್ಬ ಹುಡುಗನ ಗಾಳಕ್ಕೆ ಮೊದಲ ಮೀನು ಕಚ್ಚಿತು. ಆಮೇಲೆ ಎಲ್ಲರದೂ "ಅಣ್ಣಾ, ಇನ್ನೊಂದೇ ಸಲ". ಇವರು ಸೋತರು. ಕತ್ತಲಲ್ಲಿ, ಮಳೆಯಲ್ಲಿ, ಇದ್ದ ಒಂದೇ ಟಾರ್ಚಿನಲ್ಲಿ ಇಳಿದರು. ಯಾರಿಗೂ ಏನೂ ಆಗಲಿಲ್ಲ, ಅದಕ್ಕೇ ಅವರು ಮುಂದಿನ ವರ್ಷವೂ ಹಾಗೇ ಮಾಡಿದರು! ಹೊರಡುವ ಸಮಯವನ್ನು ಬೆಟ್ಟದ ಬುಡದಲ್ಲೇ ಎಲ್ಲರಿಗೂ ಹೇಳಿಬಿಡಿ. ಗಡಿಯಾರದ ಜವಾಬ್ದಾರಿಯನ್ನು ಮೀನಿನ ಹುಚ್ಚು ಜಾಸ್ತಿ ಇರುವವನಿಗೇ ಕೊಡಿ. ಬೈದುಕೊಂಡಾದರೂ ಸರಿಯಾಗಿ ಕೂಗುತ್ತಾನೆ.

ಸಿಕ್ಕ ಹೊತ್ತನ್ನು ಕೆರೆ ಸುತ್ತುತ್ತಾ ಕಳೆಯಬೇಡಿ. ನಡು ಬಿಸಿಲಿಗೆ ಟ್ರೌಟ್, ಅಂದರೆ ಇಂಥ ತಣ್ಣೀರಿನ ಕೆರೆಗಳ ಮೀನು, ಹೆಚ್ಚಾಗಿ ಆಳಕ್ಕೆ ಇಳಿದಿರುತ್ತದೆ. ತೊರೆ ಬಂದು ಸೇರುವ ಜಾಗ, ತಳ ತಟ್ಟನೆ ಆಳವಾಗುವ ಅಂಚು, ಇವೆರಡನ್ನು ಮೊದಲು ನೋಡಿ. ಹುಡುಗರ ನಡುವೆ ಕೋಲು ಬೀಸುವಷ್ಟು ಜಾಗ ಬಿಡಿಸಿ.

ಮತ್ತೊಂದು, ಆ ಕೆರೆಯಲ್ಲಿ ಮೀನು ಇದೆಯಾ ಅಂತ ಪರವಾನಗಿ ಕೊಡುವವರನ್ನೇ ಕೇಳಿಬಿಡಿ. ಜಲಪಾತ ಹತ್ತಿ ಮೀನು ಬರಲಾಗದ ಎತ್ತರದ ಎಷ್ಟೋ ಕೆರೆಗಳಲ್ಲಿ ಜನ ತಂದು ಬಿಟ್ಟರಷ್ಟೇ ಮೀನು. ಬಿಡದ ಕೆರೆಗೂ ಕೋಲು ಹೊತ್ತು ಹೋಗುವವರಿದ್ದಾರೆ, ನಕ್ಷೆಯಲ್ಲಿ ನೀಲಿ ಕಂಡರೆ ಸಾಕು ಅವರಿಗೆ.