ಹಿಡಿದ ಕೊಯ್ತಾ ಬೇರೆ, ಕೊಂದ ಕೊಯ್ತಾ ಬೇರೆ

ಪುಣೆಯಲ್ಲಿ ಪೊಲೀಸರು ಕೊಯ್ತಾಗಳನ್ನು (ಕಬ್ಬು ಕಡಿಯುವ ಭಾರದ ಮಚ್ಚು) ಹಿಡಿದ ಸುದ್ದಿ ಬಂದರೆ ಸಾಕು, ನಮ್ಮ ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಭಾಗಾಕಾರ ಶುರು. ಆರ್ಮ್ಸ್ ಆ್ಯಕ್ಟ್ (ಆಯುಧ ಕಾಯ್ದೆ) ಕೇಸು ಇಷ್ಟು, ಕೊಲೆ ಇಷ್ಟು, ಹಾಗಾದರೆ ನೂರಕ್ಕೆ ಇಷ್ಟು ಕೊಲೆ ಕೊಯ್ತಾದಿಂದ! ದಯವಿಟ್ಟು ಈ ಲೆಕ್ಕ ಬಿಡಿ.

ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಕಲಮುಗಳಿರಲಿ, ಎನ್‌ಸಿಆರ್‌ಬಿ (ದೇಶದ ಅಪರಾಧದ ಅಂಕಿಅಂಶ ಇಡುವ ಕೇಂದ್ರ ಸಂಸ್ಥೆ) ಅದನ್ನು ಒಂದೇ ಸಲ, ಅತಿ ಘೋರವಾದ ಅಪರಾಧದ ಕೆಳಗೆ ಎಣಿಸುತ್ತದೆ. ಪುಣೆಯ ಹಡಪ್ಸರ್‌ನಲ್ಲಿ ಒಬ್ಬ ಕೊಯ್ತಾದಿಂದ ಕೊಂದ ಎಂದುಕೊಳ್ಳಿ. ಕೊಲೆಯ ಕಲಮಾದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103ರ ಜೊತೆಗೆ ಆಯುಧ ಇಟ್ಟುಕೊಂಡದ್ದಕ್ಕೆ ಆರ್ಮ್ಸ್ ಆ್ಯಕ್ಟ್ 4/25, ನಿಷೇಧಾಜ್ಞೆ ಮೀರಿದ್ದಕ್ಕೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37 ಮತ್ತು 135 ಕೂಡ ಬೀಳಬಹುದು. ಆದರೆ ಎನ್‌ಸಿಆರ್‌ಬಿ ಪುಸ್ತಕದಲ್ಲಿ ಅದು ಒಂದು ಕೊಲೆ, ಅಷ್ಟೇ. ಆರ್ಮ್ಸ್ ಆ್ಯಕ್ಟಿನ ಕಾಲಂಗೆ ಸೊನ್ನೆ. ಆ ಕಾಲಂನಲ್ಲಿ ಉಳಿಯುವುದು ಹೆಚ್ಚಾಗಿ ಆಯುಧ ಇಟ್ಟುಕೊಂಡು ಸಿಕ್ಕಿಬಿದ್ದವರು. ನಾಕಾಬಂದಿ, ಕೂಂಬಿಂಗ್ ಜೋರಾದರೆ ಆ ಸಂಖ್ಯೆ ಏರುತ್ತದೆ, ಕೊಲೆ ಏರಿರಲೇಬೇಕೆಂದಿಲ್ಲ. ಅಂದರೆ ಕೊಂದ ಕೊಯ್ತಾ ಇಲ್ಲದ ಪಟ್ಟಿಯಲ್ಲೇ ನೀವು ಅದನ್ನು ಹುಡುಕುತ್ತಿದ್ದೀರಿ.

ಇನ್ನು, ಎಲ್ಲ ಚಾಕುವೂ ಆರ್ಮ್ಸ್ ಆ್ಯಕ್ಟಿಗೆ ಬರುವುದಿಲ್ಲ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರಬೇಕು. ಮನೆಗೆಲಸಕ್ಕೆ, ಬೇಸಾಯಕ್ಕೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಕಬ್ಬು ಕಡಿಯುವ ಕೊಯ್ತಾ ಯಾವಾಗ ಆಯುಧವಾಗುತ್ತದೆ ಎಂಬುದು ಸ್ಥಳ, ಸಂದರ್ಭ, ಅಧಿಸೂಚನೆ ನೋಡಿ ತೀರ್ಮಾನವಾಗುವ ವಿಷಯ. ನಿಮ್ಮದೇ ಕೇಸಾದರೆ ವಕೀಲರನ್ನು ಕೇಳಿ. ರುಬ್ಬುಗುಂಡು, ಓಢಣಿ, ಬರಿಗೈ ಇವಂತೂ ಆ ಕಾಯ್ದೆಯ ಕಾಲಂಗೆ ಬರುವುದೇ ಇಲ್ಲ. 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಕಾರಣ ಜಗಳ-ತಂಟೆ. ಜಗಳದಲ್ಲಿ ಕೈಗೆ ಸಿಕ್ಕಿದ್ದೇ ಆಯುಧ.

ಕೊಂದ ಆಯುಧ ಯಾವುದೆಂದು ನಿಜವಾಗಿ ಬೇಕಿದ್ದರೆ ಕಾಗದ ಬೇರೆ. ಮರಾಠಿ ಎಫ್‌ಐಆರ್‌ನಲ್ಲಿ ಬರುವ ‘ಧಾರದಾರ್ ಶಸ್ತ್ರ’ (ಹರಿತವಾದ ಆಯುಧ) ಮೊದಲ ದಿನದ ಮಾತು. ಪೋಸ್ಟ್‌ಮಾರ್ಟಮ್ ಅದನ್ನು ತಿದ್ದಬಹುದು. ಕೊಯ್ದ ಗಾಯಕ್ಕೆ ಆಳಕ್ಕಿಂತ ಉದ್ದ ಹೆಚ್ಚು, ಚುಚ್ಚಿದ ಗಾಯಕ್ಕೆ ಉದ್ದಕ್ಕಿಂತ ಆಳ ಹೆಚ್ಚು. ಕೊಯ್ತಾದಂಥ ಭಾರದ ಅಲಗು ಬಿದ್ದರೆ ಚರ್ಮದ ಜೊತೆ ಕೆಳಗಿನ ಮೂಳೆಯೂ ಕಡಿಯುತ್ತದೆ. ಮೋಸ ಮಾಡುವುದು ನೆತ್ತಿ: ಚರ್ಮದ ಅಡಿಯಲ್ಲೇ ಮೂಳೆ ಇರುವುದರಿಂದ ದೊಣ್ಣೆಯ ಪೆಟ್ಟಿಗೂ ಅಲಗಿನಿಂದ ಸೀಳಿದಂತೆಯೇ ಬಿರಿಯುತ್ತದೆ. ಭೂತಗನ್ನಡಿ ಹಿಡಿದರೆ ಗಾಯದ ಒಂದು ಅಂಚಿನಿಂದ ಇನ್ನೊಂದಕ್ಕೆ ಹರಿಯದೆ ಉಳಿದ ಎಳೆಗಳು ಕಾಣುತ್ತವೆ. ಅಲಗು ಅಂಥ ಎಳೆ ಉಳಿಸುವುದಿಲ್ಲ. ಇಷ್ಟು ನೋಡಿದ ಮೇಲೂ ವೈದ್ಯರು ಬರೆಯುವುದು ‘ಇಂಥ ಆಯುಧದಿಂದ ಆಗಿರಬಹುದು’ ಎಂದೇ. ಚುಚ್ಚಿದ ಗಾಯದ ಆಳ ಅಲಗಿನ ಉದ್ದವಲ್ಲ, ಹೊಟ್ಟೆ ಒತ್ತಿದರೆ ಒಳಕ್ಕೆ ಹೋಗುತ್ತದೆ, ಹಾಗಾಗಿ ಗಾಯ ಅಲಗಿಗಿಂತ ಆಳವಾಗಬಹುದು.

ಅನುವಾದದ್ದು ಇನ್ನೊಂದು ಕಷ್ಟ. ಅದೇ ಕೊಯ್ತಾ ಮಂಗಳೂರು ಕಡೆಯವರ ವರದಿಯಲ್ಲಿ ಕತ್ತಿ, ಬೆಂಗಳೂರಿನವರದರಲ್ಲಿ ಮಚ್ಚು, ಉತ್ತರ ಕರ್ನಾಟಕದವರದರಲ್ಲಿ ಕುಡಗೋಲು. ಸುದ್ದಿ ಕತ್ತರಿಸಿ ಎಣಿಸುವವರಿಗೆ ಒಂದು ಆಯುಧ ಮೂರಾಗುತ್ತದೆ. ಮೂಲ ಪದವನ್ನೇ ಉಳಿಸಿ.

ಗೋವಾದಲ್ಲಿ ಕೊಯ್ತಾದ ಕೊಲೆ ಶೇಕಡಾ ಎಷ್ಟು ಎಂದು ಕೇಳುವವರಿಗೆ: 2011ರ ಜನಗಣತಿಯಲ್ಲಿ ಅಲ್ಲಿದ್ದದ್ದು 14.58 ಲಕ್ಷ ಜನ. ಇಷ್ಟು ಚಿಕ್ಕ ರಾಜ್ಯದಲ್ಲಿ ಒಂದೆರಡು ಪ್ರಕರಣಕ್ಕೇ ಶೇಕಡಾವಾರು ಏರಿಳಿಯುತ್ತದೆ, ಅದು ಬೇಡ, ಪ್ರಕರಣಗಳನ್ನು ಒಂದೊಂದಾಗಿ ಓದಿ. ಒಂದೇ ಎಫ್‌ಐಆರ್‌ನಲ್ಲಿ ಮೂವರು ಸತ್ತಿದ್ದರೆ ಪ್ರಕರಣ ಒಂದು, ಸತ್ತವರು ಮೂವರು. ಯಾವುದನ್ನು ಎಣಿಸಿದಿರಿ ಎಂದು ಬರೆದಿಡಿ. ಬಿಎನ್‌ಎಸ್ ಜಾರಿಯಾದ 1 ಜುಲೈ 2024ಕ್ಕಿಂತ ಹಿಂದಿನ ಕೃತ್ಯಗಳನ್ನು ಹಳೆಯ ಐಪಿಸಿಯ ಕೊಲೆಯ ಕಲಮು 302ರಲ್ಲಿ ಹುಡುಕಿ.