ಸುಟ್ಟಾಗಲೆಲ್ಲ ಎದ್ದ ಬ್ರಿಗ್ಗೆನ್, ನೆಲ ಒಣಗಿದಾಗ ಕುಸಿಯತೊಡಗಿದ್ದು ಹೇಗೆ?

ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ಊರಿನ ಯಾವ ಫೋಟೊ ನೋಡಿದರೂ ಅದೇ ದೃಶ್ಯ. ಬಂದರಿನ ನೀರಿಗೆ ಮುಖ ಮಾಡಿ ಸಾಲಾಗಿ ನಿಂತ ಕೆಂಪು, ಹಳದಿ, ಬಿಳಿ ಮರದ ಮನೆಗಳು, ಚೂಪು ನೆತ್ತಿ, ಒಂದಕ್ಕೊಂದು ಒರಗಿದ ಗೋಡೆಗಳು. ಇದೇ ಬ್ರಿಗ್ಗೆನ್. 1979ರಲ್ಲೇ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದ ಜಾಗ. ಮಧ್ಯಯುಗದ ಬೀದಿ ಅಂತ ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಸ್ವಲ್ಪ ಓದಿದರೆ ಅಲ್ಲಿನ ಮರದ ಮನೆಗಳೆಲ್ಲ 1702ರ ನಂತರದವು ಅಂತ ಗೊತ್ತಾಗುತ್ತದೆ. ಇನ್ನೂ ಸ್ವಲ್ಪ ಓದಿದರೆ ಸಾಲಿನ ಒಂದು ಭಾಗ ಮರದ್ದೇ ಅಲ್ಲ, ಇಟ್ಟಿಗೆಯದು. ಕೊನೆಗೆ, ಮನೆಗಳು ಕುಸಿಯುತ್ತಿರುವುದು ನೆಲದಡಿ ನೀರು ಕಡಿಮೆಯಾಗಿದ್ದರಿಂದ ಅಂತ ಓದಿದಾಗ ತಲೆ ಗಿರ್ರೆನ್ನುತ್ತದೆ, ಅಲ್ವಾ?

ಹಳೆ ಕಥೆಯನ್ನು ಬೇಗ ಮುಗಿಸೋಣ. 1070ರ ಸುಮಾರಿಗೆ ದೊರೆ ಓಲಾವ್ ಕೀರೆ ಊರು ಕಟ್ಟಿಸಿದ ಅಂತ ಪ್ರತೀತಿ. 1360ರ ಹೊತ್ತಿಗೆ ಹನ್ಸಾ ಎಂಬ ಜರ್ಮನ್ ವ್ಯಾಪಾರಿಗಳ ಕೂಟ ಇಲ್ಲಿ ಕಚೇರಿ ತೆರೆಯಿತು. ಉತ್ತರದ ಲೋಫೋಟೆನ್ ಕಡೆಯಿಂದ ಒಣಗಿಸಿದ ಕಾಡ್ ಮೀನು ಬರುತ್ತಿತ್ತು, ಬದಲಿಗೆ ಧಾನ್ಯ ಹೋಗುತ್ತಿತ್ತು. ಸುಮಾರು ನಾನೂರು ವರ್ಷ ಇದೇ ವ್ಯವಹಾರ. 1754ರಲ್ಲಿ ಆ ಕಚೇರಿ ಮುಚ್ಚಿತು, ವ್ಯಾಪಾರ ನಾರ್ವೆಯವರ ಕೈಗೆ ಬಂತು.

ಊರಿನ ಕಲ್ಲಿನ ಸ್ಮಾರಕಗಳೂ ಇದೇ ಸುತ್ತಮುತ್ತ ಇವೆ. ಬ್ರಿಗ್ಗೆನ್ ಹಿಂದಿರುವ ಮರಿಯಾ ಚರ್ಚ್ 12ನೇ ಶತಮಾನದ್ದು. ಈಗ ನಿಂತಿರುವ ಕಟ್ಟಡಗಳಲ್ಲಿ ಊರಿನ ಅತಿ ಹಳೆಯದು ಅದೇ. ಬಂದರಿನ ಬಾಯಿಯ ಹತ್ತಿರ ದೊರೆ ಹೋಕನ್ ಕಟ್ಟಿಸಿದ ಕಲ್ಲಿನ ಸಭಾಂಗಣ ಇದೆ, 1261ರಲ್ಲಿ ಅವನ ಮಗನ ಮದುವೆ ಊಟ ಅಲ್ಲೇ ನಡೆಯಿತು. ಅದರ ಪಕ್ಕದಲ್ಲಿ 1560ರ ದಶಕದ ರೋಸೆನ್‌ಕ್ರಾಂಟ್ಸ್ ಗೋಪುರ. ಇವೆಲ್ಲ ರಾಜರದ್ದು, ಅಧಿಕಾರಿಗಳದ್ದು. ಬ್ರಿಗ್ಗೆನ್ ಮಾತ್ರ ಸುಮ್ನೆ ಗೋದಾಮು ಮತ್ತು ಮಲಗುವ ಕೋಣೆ. ಕೆಡವಬೇಕೋ ಉಳಿಸಬೇಕೋ ಅಂತ ಜನ ಅಷ್ಟು ಸಲ ಗೊಂದಲಕ್ಕೆ ಬಿದ್ದಿದ್ದು ಅದಕ್ಕೇ ಇರಬೇಕು.

ಮನೆಗಳ ರಚನೆ ಗೊತ್ತಿದ್ದರೆ ಮುಂದಿನದು ಸುಲಭ. ಬಂದರಿನಿಂದ ಕಾಣುವುದು ಮುಖ ಮಾತ್ರ. ಅದರ ಹಿಂದೆ ಉದ್ದಕ್ಕೆ ಮನೆ, ಮನೆ, ಮತ್ತೆ ಮನೆ. ಎರಡು ಸಾಲುಗಳ ನಡುವೆ ಹಲಗೆ ಹಾಸಿದ ಓಣಿ. ಓಣಿಯ ಮೇಲಕ್ಕೆ ಚಾಚಿದ ಮರದ ಜಗಲಿಗಳು, ಮೀನಿನ ಮೂಟೆ ಎತ್ತಲು ರಾಟೆ. ಈ ಮರದ ಭಾಗದಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ಜರ್ಮನಿಯಿಂದ ಕೆಲಸ ಕಲಿಯಲು ಬಂದ ಹುಡುಗರು ನಾರ್ವೆಯ ಚಳಿಗಾಲವನ್ನು ಒಲೆಯಿಲ್ಲದ ಕೋಣೆಗಳಲ್ಲೇ ಕಳೆಯಬೇಕಿತ್ತು. ಅಡುಗೆ, ಊಟ, ಮೈ ಕಾಯಿಸುವುದು ಎಲ್ಲ ಹಿಂಭಾಗದಲ್ಲಿ ಪ್ರತ್ಯೇಕವಾಗಿ ಕಟ್ಟಿದ, ಎಲ್ಲರೂ ಸೇರುವ ಮನೆಗಳಲ್ಲಿ. ಬೆಲೆಬಾಳುವ ಸರಕಿಗೆ ಅಲ್ಲೇ ಹಿಂದೆ ದಪ್ಪ ಗೋಡೆಯ ಕಲ್ಲಿನ ನೆಲಮಾಳಿಗೆ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಊರು ಸುಟ್ಟಿತು. 1198, 1248, 1476, ಆಮೇಲೆ 1702. ಇವು ದೊಡ್ಡವು ಮಾತ್ರ. ಪ್ರತಿ ಸಲವೂ ಜನ ಅದೇ ನಿವೇಶನದಲ್ಲಿ, ಅದೇ ಓಣಿ ಬಿಟ್ಟು, ಹೆಚ್ಚುಕಡಿಮೆ ಅದೇ ನಮೂನೆಯಲ್ಲಿ ಮತ್ತೆ ಕಟ್ಟಿದರು. ಅಂದರೆ ಇಲ್ಲಿ ಹಳೆಯದು ಅನ್ನುವುದು ಮರವಲ್ಲ, ನಕ್ಷೆ. ಬೂದಿ, ಸುಟ್ಟ ತೊಲೆ, ಕಸ, ಮೀನಿನ ಮೂಳೆ, ಹರಿದ ಚರ್ಮ ಎಲ್ಲವನ್ನೂ ಮುಂದಿನ ನೀರಿಗೆ ತುಂಬಿದರು, ದಿಮ್ಮಿಗಳ ಚೌಕಟ್ಟು ಇಳಿಸಿ ಅದರ ಮೇಲೆ ಹೊಸ ದಕ್ಕೆ ಕಟ್ಟಿದರು. ಹೀಗೆ ಶತಮಾನಗಳ ಕಾಲ ದಡವೇ ಕೊಲ್ಲಿಯೊಳಗೆ ಸರಿಯುತ್ತಾ ಬಂತು. ಈಗಿನ ಮನೆಗಳ ಕೆಳಗಿರುವುದು ಮೀಟರುಗಟ್ಟಲೆ ದಪ್ಪದ ಈ ತುಂಬಿದ ನೆಲ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ, ಮನೆಗಳೂ ಸೇರಿ.

20ನೇ ಶತಮಾನದ ಆರಂಭದಲ್ಲಿ ಊರಿಗೆ ಹೊಸತನದ ಹುಮ್ಮಸ್ಸು. ಸಾಲಿನ ದಕ್ಷಿಣದ ಮರದ ಮನೆಗಳನ್ನು ಕೆಡವಿ ಇಟ್ಟಿಗೆ ಕಟ್ಟಡ ಎಬ್ಬಿಸಿದರು. ನೆತ್ತಿಯ ಆಕಾರ ಮಾತ್ರ ಹಳೆಯದರಂತೆಯೇ ಇಟ್ಟರು, ದೂರದಿಂದ ನೋಡಿದವರಿಗೆ ಸಾಲು ತುಂಡಾದಂತೆ ಅನಿಸುವುದಿಲ್ಲ. ಉಳಿದವಕ್ಕೆ 1927ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. 1944ರ ಏಪ್ರಿಲ್ 20ರ ಬೆಳಿಗ್ಗೆ, ಜರ್ಮನ್ನರ ವಶದಲ್ಲಿದ್ದ ವೂರ್ಬೋಡೆ ಎಂಬ ಹಡಗು ಸ್ಫೋಟಕಗಳ ಸಮೇತ ಬಂದರಿನಲ್ಲೇ ಸಿಡಿಯಿತು. 150ಕ್ಕೂ ಹೆಚ್ಚು ಜನ ಸತ್ತರು. ಹಡಗಿನ ಲಂಗರು ಊರ ಪಕ್ಕದ ಬೆಟ್ಟದ ಮೇಲೆ ಹೋಗಿ ಬಿತ್ತು. ಹೋಕನ್ ದೊರೆಯ ಸಭಾಂಗಣ ಸುಟ್ಟು ಬರೀ ಗೋಡೆ ಉಳಿಯಿತು, ದುರಸ್ತಿಯಾಗಿ ತೆರೆದಿದ್ದು 1961ರಲ್ಲಿ. ಬ್ರಿಗ್ಗೆನ್ ಮನೆಗಳು ಛಾವಣಿ ಕಳೆದುಕೊಂಡು, ಸೊಟ್ಟಗಾಗಿ, ಹೇಗೋ ನಿಂತವು.

1955ರ ಜುಲೈನಲ್ಲಿ ಮತ್ತೆ ಬೆಂಕಿ. ಉತ್ತರದ ಸಾಲುಗಳು ಹೋದವು. ಇನ್ನುಳಿದಿದ್ದನ್ನೂ ಕೆಡವಿಬಿಡಿ, ಊರ ನಡುವೆ ಈ ಸೌದೆ ರಾಶಿ ಯಾಕೆ ಅನ್ನುವವರು ಆಗ ಕಡಿಮೆಯೇನೂ ಇರಲಿಲ್ಲ. ಆದರೆ ಸುಟ್ಟ ಜಾಗದಲ್ಲಿ ಆಸ್ಬ್ಯೋರ್ನ್ ಹೆರ್ಟೇಗ್ ಎಂಬ ಪುರಾತತ್ವ ತಜ್ಞರು ಅಗೆಯಲು ಶುರು ಮಾಡಿದರು, ಒಂದು ಬೇಸಿಗೆಯ ಕೆಲಸವಾಗದೆ ಅದು 1960ರ ದಶಕದ ಕೊನೆಯವರೆಗೂ ನಡೆಯಿತು. ಪ್ರತಿ ಬೆಂಕಿಯ ಬೂದಿ ಪದರವೂ ಒಂದೊಂದು ತಾರೀಖಿನ ಚೀಟಿಯ ಹಾಗೆ ಸಿಕ್ಕಿತು. ರೂನ್ ಎಂಬ ಉತ್ತರ ಯುರೋಪಿನ ಹಳೆ ಲಿಪಿ ಕೊರೆದ ವಸ್ತುಗಳು ಆರುನೂರಕ್ಕೂ ಹೆಚ್ಚು. ಈ ಮೂಟೆ ಇಂಥವನದ್ದು ಅನ್ನುವ ಗುರುತುಗಳು, ವ್ಯಾಪಾರದ ಪತ್ರಗಳು, ಪ್ರೇಮದ ಮಾತು, ಪೋಲಿ ಮಾತು. ಒಂದು ಕಡ್ಡಿಯ ಮೇಲೆ 'ನೀನು ಮನೆಗೆ ಬಾ ಅಂತ ಗೀಡಾ ಹೇಳುತ್ತಾಳೆ' ಅಂತಿದೆ. ಅದೇ ಕಡ್ಡಿಯಲ್ಲಿ ಇನ್ನೇನೋ ಅಡ್ಡಾದಿಡ್ಡಿ ಕೊರೆದಿದ್ದಾರೆ, ಓದಲಾಗುವುದಿಲ್ಲ. ಉತ್ತರ ಕೊರೆದವನು ಯಾವ ಸ್ಥಿತಿಯಲ್ಲಿದ್ದನೋ!

ಮರದ ಕಡ್ಡಿ ಏಳೆಂಟು ನೂರು ವರ್ಷ ಹಾಗೇ ಉಳಿದಿದ್ದಾದರೂ ಹೇಗೆ? ನೀರಿನಿಂದ. ಈ ತುಂಬಿದ ನೆಲ ಸದಾ ಒದ್ದೆಯಾಗಿತ್ತು. ಗಾಳಿ ಹೋಗದ ಕಡೆ ಮರ ಬೇಗ ಕೊಳೆಯುವುದಿಲ್ಲ.

ಇದು ಅಗೆದವರಿಗೆ ಗೊತ್ತಿತ್ತು. ಆದರೂ ಸುಟ್ಟ ಜಾಗದ ಒಂದು ಭಾಗದಲ್ಲಿ ವಸ್ತುಸಂಗ್ರಹಾಲಯ ಬಂದರೆ (1976), ಇನ್ನೊಂದು ಭಾಗದಲ್ಲಿ, 1980ರ ಸುಮಾರಿಗೆ, ಹಳೆ ನೆತ್ತಿಗಳನ್ನು ಹೋಲುವ ಮುಖದ ದೊಡ್ಡ ಹೋಟೆಲ್ ಬಂತು. ಹೋಟೆಲ್ ಅಂದ ಮೇಲೆ ನೆಲದಡಿ ಕಾರು ನಿಲ್ಲಿಸುವ ಜಾಗ ಬೇಕು. ಅದು ಒಣಗಿರಬೇಕು. ಸುತ್ತ ಉಕ್ಕಿನ ತಗಡುಗಳ ಗೋಡೆ ಇಳಿಸಿ, ಒಳಗೆ ಬರುವ ನೀರನ್ನು ಸಾಗಹಾಕುವ ವ್ಯವಸ್ಥೆ ಮಾಡಿದರು. ಎಲ್ಲವೂ ಅಂದಿನ ನಿಯಮದಂತೆ, ಅನುಮತಿ ಪಡೆದೇ ಆಯಿತು. ಮುಂಭಾಗ ಹೇಗೆ ಕಾಣಬೇಕು ಅಂತ ಯೋಚಿಸಿದಷ್ಟು ನೆಲದಡಿಯ ನೀರಿನ ಬಗ್ಗೆ ಯೋಚಿಸಿರಲಿಲ್ಲ ಅಂತ ನನಗನಿಸುತ್ತದೆ.

ಆ ತಗಡಿನ ಗೋಡೆ ಪೂರ್ತಿ ಬಿಗಿಯಾಗಿರಲಿಲ್ಲ. ಪಕ್ಕದ ಬ್ರಿಗ್ಗೆನ್ ನೆಲದ ನೀರೂ ಅದರ ಮೂಲಕ ಸೋರಿಹೋಗುತ್ತಿತ್ತು. ನೀರಿನ ಮಟ್ಟ ಇಳಿಯಿತು, ಮಣ್ಣಿನ ಸಂದಿಗೆ ಗಾಳಿ ಹೋಯಿತು, ನೂರಾರು ವರ್ಷ ತಣ್ಣಗೆ ಮಲಗಿದ್ದ ಮರ, ಕಸ, ಗೊಬ್ಬರ ಎಲ್ಲ ಕೊಳೆಯಲು ಶುರುವಾಯಿತು. ಕೊಳೆತ ಪದರ ಕುಗ್ಗುತ್ತದೆ, ಮೇಲಿನ ಮನೆ ಇಳಿಯುತ್ತದೆ. ಹೋಟೆಲ್ ಪಕ್ಕದ ಬೂಗೋರ್ಡೆನ್ ಎಂಬ ಸಾಲಿನಲ್ಲಿ ನೆಲ ವರ್ಷಕ್ಕೆ 6ರಿಂದ 8 ಮಿಲಿಮೀಟರ್ ಕುಸಿಯುತ್ತಿತ್ತು. ಕಿವಿಗೆ ಸಣ್ಣ ಲೆಕ್ಕ. ಇಪ್ಪತ್ತೈದು ವರ್ಷಕ್ಕೆ ಗುಣಿಸಿ ನೋಡಿ, ಗೇಣಿನ ಹತ್ತಿರ ಬರುತ್ತದೆ. ಒಂದು ಮೂಲೆ ಜಾಸ್ತಿ, ಇನ್ನೊಂದು ಕಡಿಮೆ ಇಳಿದರೆ ಬಾಗಿಲು ಮುಚ್ಚುವುದಿಲ್ಲ, ತೊಲೆಯ ಜೋಡಣೆ ಬಿಚ್ಚಿಕೊಳ್ಳುತ್ತದೆ. ಯುರೋಪಿನಲ್ಲೇ ಜಾಸ್ತಿ ಮಳೆ ಬೀಳುವ ಊರುಗಳಲ್ಲಿ ಬರ್ಗೆನ್ ಒಂದು, ಅಲ್ಲಿ ನೆಲ ಒಣಗಿ ಮನೆ ಕುಸಿಯುವುದೆಂದರೆ!

2000ನೇ ಇಸವಿಯ ಹೊತ್ತಿಗೆ ಸರ್ಕಾರ ದೊಡ್ಡ ಮಟ್ಟದ ದುರಸ್ತಿ ಯೋಜನೆ ಶುರು ಮಾಡಿತು. ಮೇಲೆ ಬಡಗಿಗಳ ಕೆಲಸ: ಮನೆಯನ್ನು ಜಾಕ್ ಕೊಟ್ಟು ಎತ್ತಿ ಹಿಡಿಯುವುದು, ಅಡಿಯ ಕೊಳೆತ ದಿಮ್ಮಿ ತೆಗೆದು ಹೊಸ ಪೈನ್ ದಿಮ್ಮಿ ಕೂರಿಸುವುದು, ಕೊಡಲಿಯಲ್ಲೇ ಕೆತ್ತಿ, ಹಳೆ ಜೋಡಣೆಯ ಕ್ರಮದಲ್ಲೇ. ಚೆನ್ನಾಗಿರುವ ಹಳೆ ತೊಲೆ ಒಂದನ್ನೂ ಸುಮ್ನೆ ಬಿಸಾಡುವಂತಿಲ್ಲ. ಕೆಳಗೆ ನೀರಿನ ಕೆಲಸ: ಸೋರಿಕೆಗೆ ತಡೆ, ಛಾವಣಿಯ ಮಳೆನೀರು ಚರಂಡಿ ಸೇರದೆ ಹುಲ್ಲಿನ ತಗ್ಗುಗಳಲ್ಲಿ ನಿಂತು ನೆಲಕ್ಕೆ ಇಂಗುವ ಏರ್ಪಾಡು, ನೀರಿನ ಮಟ್ಟ ಅಳೆಯಲು ಅಲ್ಲಲ್ಲಿ ಕೊಳವೆಗಳು. ನೀರು ಮತ್ತೆ ಏರಿತು, ಕುಸಿತ ತುಂಬಾ ನಿಧಾನವಾಯಿತು. ಈಗಾಗಲೇ ಕೊಳೆತಿದ್ದು ವಾಪಸ್ ಬರುವುದಿಲ್ಲ, ಅದು ಬೇರೆ ಮಾತು. ಸಮುದ್ರ ಮಟ್ಟ ಏರುತ್ತಿರುವುದರಿಂದ ಮುಂದಿನ ಸಾಲಿಗೆ ದೊಡ್ಡ ಉಬ್ಬರದ ದಿನ ಉಪ್ಪು ನೀರಿನ ಕಾಟ ಇದೆ, ಅದಕ್ಕೆ ಸುಲಭದ ಔಷಧಿ ಇಲ್ಲ.

ಇತ್ತೀಚಿನ ಗಲಾಟೆ ರೈಲಿನದು. 2010ರಲ್ಲಿ ಊರಿಗೆ ಲಘು ರೈಲು ಬಂತು. ಅದನ್ನು ಉತ್ತರದ ಓಸಾನೆ ಕಡೆಗೆ ಒಯ್ಯಲು ಎರಡು ದಾರಿ: ಬ್ರಿಗ್ಗೆನ್ ಮುಂದಿನ ಬೀದಿಯಲ್ಲೇ ಹಳಿ ಹಾಕುವುದು, ಇಲ್ಲವೇ ಸುರಂಗ ಕೊರೆಯುವುದು. ಬೀದಿಯ ಪರ ಇರುವವರು ಹಳಿ ಬಂದರೆ ಕಾರುಗಳು ಹೋಗುತ್ತವೆ ಅನ್ನುತ್ತಾರೆ. ಸುರಂಗದ ಪರ ಇರುವವರಿಗೆ ಪರಂಪರೆಯ ಮುಂದೆ ರೈಲು ಓಡುವುದೇ ಇಷ್ಟವಿಲ್ಲ. ನಗರಸಭೆಯ ಬಹುಮತ ಬದಲಾದಾಗ ನಿರ್ಧಾರವೂ ಅತ್ತಿತ್ತ ಹೊಯ್ದಾಡಿದೆ. ಪತ್ರಿಕೆಗಳ ಜಗಳದಲ್ಲಿ ಜಾಸ್ತಿ ಕೇಳುವುದು ನೋಟ ಹಾಳಾಗುತ್ತದೋ ಇಲ್ಲವೋ ಅನ್ನುವ ಮಾತು. ಬೀದಿ ಅಗೆದರೂ ಸುರಂಗ ಕೊರೆದರೂ ಮೊದಲು ನೋಡಬೇಕಾದದ್ದು ಆ ಕೊಳವೆಗಳಲ್ಲಿ ನೀರು ಎಷ್ಟು ಇಳಿಯುತ್ತದೆ ಅಂತ.